ಹೊಗೆಯಿಲ್ಲದ ಲಾಡ್ಜು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಸೀಮೆಯಲ್ಲಿ, ಹುತ್ತೂರಿನ ಆಸುಪಾಸಿನ ಊರುಗಳಿಗೆ ಬಂದವರು ಒಂದು ರಾತ್ರಿ ತಂಗಬೇಕೆಂದರೆ ಹತ್ತು ಹದಿನೈದು ರೂಮಿನ ಸಣ್ಣ ಲಾಡ್ಜುಗಳೇ ಗತಿ. ಟೊಮೇಟೊ ಮಂಡಿಗೆ ಬಂದ ವ್ಯಾಪಾರಿ, ಮಾವಿನ ಕಾಲದಲ್ಲಿ ಶ್ರೀನಿವಾಸಪುರಕ್ಕೆ ಬಂದ ಖರೀದಿದಾರ, ಕುರುಡುಮಲೆಯ ಗಣಪನನ್ನು ನೋಡಿಕೊಂಡು ತಿರುಪತಿಯ ಕಡೆ ಹೊರಟ ಸಂಸಾರ, ಎಲ್ಲರೂ ಒಂದೇ ಮಂಚದ ಮೇಲೆ ಸರದಿಯಂತೆ ಮಲಗಿ ಹೋಗುವವರು. ನಿನ್ನೆ ಬೀಡಿ ಸೇದಿದವನ ಹಾಸಿಗೆಯಲ್ಲಿ ಇಂದು ಕೂಸೊಂದು ಮಲಗುತ್ತದೆ. ಇಂಥ ಲಾಡ್ಜು ಒಂದೆರಡು ರೂಮುಗಳನ್ನು ಸೇದುವವರಿಗೆಂದು ಬಿಟ್ಟುಕೊಡದೆ, ಇಡೀ ಕಟ್ಟಡದಲ್ಲಿಯೇ ಹೊಗೆ ಬೇಡವೆಂದು ತೀರ್ಮಾನಿಸಬೇಕು ಎಂಬುದು ನನ್ನ ವಾದ. ಚಿಕ್ಕದಾಗಿರುವುದರಿಂದಲೇ ಅದು ಹೀಗೆ ಮಾಡಬೇಕು.

ಕಾನೂನು ಇದನ್ನು ಆಗಲೇ ಹೇಳಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಸಲ್ಲದೆಂದು ಸುಪ್ರೀಂ ಕೋರ್ಟು 2001ರಲ್ಲಿ ಮುರಳಿ ದೇವ್ರಾ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿತು. 2003ರಲ್ಲಿ ತಂಬಾಕು ನಿಯಂತ್ರಣದ ಕೋಟ್ಪಾ ಕಾಯಿದೆ ಬಂತು. ಅದರಡಿಯ ಪರಿಷ್ಕೃತ ಧೂಮಪಾನ ನಿಷೇಧ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಾದವು. ಸೇದುವವರಿಗೆ ಪ್ರತ್ಯೇಕ ಜಾಗ ಮಾಡಿಕೊಡುವ ಅವಕಾಶ ಇರುವುದು ತಂಗುವ ಹೋಟೆಲುಗಳಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ರೂಮುಗಳಿರುವವಕ್ಕೆ ಮಾತ್ರ. ಸಣ್ಣ ಲಾಡ್ಜಿಗೆ ಆ ರಿಯಾಯಿತಿಯೇ ಇಲ್ಲ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ದಂಡ 200 ರೂಪಾಯಿಯಿಂದ 1000ಕ್ಕೆ ಏರಿತು. ಹೀಗಿರುವಾಗ ಮಾಲೀಕ ಆಯ್ಕೆ ಮಾಡುವುದಕ್ಕೆ ಏನು ಉಳಿದಿದೆ ಎಂದು ಕೇಳಬಹುದು. ಬಹಳ ಉಳಿದಿದೆ. ಚಿಲಕ ಹಾಕಿದ ರೂಮಿನೊಳಕ್ಕೆ ಯಾವ ಇನ್‌ಸ್ಪೆಕ್ಟರೂ ಇಣುಕುವುದಿಲ್ಲ. ಕೌಂಟರಿನ ಹಿಂದೆ ಬೋರ್ಡು ತೂಗಿಸಿ ರೂಮಿನ ಮೇಜಿನ ಮೇಲೆ ಆಶ್‌ಟ್ರೇ ಇಟ್ಟರೆ ಗಿರಾಕಿ ನಂಬುವುದು ಆಶ್‌ಟ್ರೇಯನ್ನೇ. ಬೋರ್ಡಿನ ಮಾತು ರೂಮಿನೊಳಗೂ ನಡೆಯುವಂತೆ ಮಾಡಬಲ್ಲವನು ಮಾಲೀಕ ಒಬ್ಬನೇ.

ಅರ್ಧಂಬರ್ಧ ಏಕೆ ಸಾಲದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಸೀಮೆಯ ಹೋಟೆಲುಗಳಲ್ಲಿ ನಡೆದ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. ಕೆಲವು ರೂಮುಗಳಲ್ಲಿ ಮಾತ್ರ ಸೇದಲು ಬಿಡುವ ಹೋಟೆಲುಗಳ ‘ಸೇದಬಾರದ’ ರೂಮುಗಳಲ್ಲೂ, ಪೂರ್ತಿ ನಿಷೇಧವಿದ್ದ ಹೋಟೆಲುಗಳಿಗಿಂತ ಹೆಚ್ಚು ನಿಕೋಟಿನ್ ಮೇಲ್ಮೈಗಳಿಗೆ ಅಂಟಿತ್ತು. ಅಂಥ ಹೋಟೆಲುಗಳಲ್ಲಿ ಒಂದು ರಾತ್ರಿ ತಂಗಿದ, ತಾವು ಸೇದದವರ ಬೆರಳುಗಳಲ್ಲೂ ಮೂತ್ರದಲ್ಲೂ ಅದರ ಗುರುತು ಸಿಕ್ಕಿತು. ಅಲ್ಲಿನ ಹೋಟೆಲುಗಳ ಕಥೆಯೇ ಹೀಗಾದರೆ, ಒಂದೇ ಓಣಿಗೆ ಎಲ್ಲ ಬಾಗಿಲು ತೆರೆಯುವ, ಒಂದೇ ಮೆಟ್ಟಿಲಿನ ನಮ್ಮ ಲಾಡ್ಜುಗಳಲ್ಲಿ ಹೊಗೆಗೆ ಗಡಿ ಹಾಕುವುದೆಲ್ಲಿ? ಅತಿಥಿ ಒಂದು ರಾತ್ರಿ ಇದ್ದು ಹೋಗುತ್ತಾನೆ. ರೂಮು ಗುಡಿಸುವ ಹೆಂಗಸು, ಹಾಸಿಗೆ ಕೊಡವುವ ಹುಡುಗ ವರ್ಷವಿಡೀ ಅದೇ ಗಾಳಿಯಲ್ಲಿರುತ್ತಾರೆ. ಸೇದುವ ಗಂಡಂದಿರ ಜೊತೆ ಬಾಳಿದ, ತಾವು ಸೇದದ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಜಪಾನಿನ ಹಿರಾಯಾಮಾ 1981ರಲ್ಲೇ ತೋರಿಸಿಕೊಟ್ಟರು. ಉಸಿರಾಡುವ ಗಾಳಿಯೇ ರೋಗ ತರಬಲ್ಲದೆಂಬ ಮಾತನ್ನು ನಮ್ಮ ಜಿಲ್ಲೆಗೆ ಬಿಡಿಸಿ ಹೇಳಬೇಕಿಲ್ಲ. ಕೆಜಿಎಫ್ ಗಣಿಯ ದೂಳು ಕಾರ್ಮಿಕರ ಎದೆಗಿಳಿದು ಸಿಲಿಕೋಸಿಸ್ ಆದದ್ದನ್ನು ಕಂಡ ನಾಡು ಇದು. ಕೂಲಿಯ ಜೊತೆಗೆ ರೋಗವನ್ನೂ ಕೊಡುವ ಕೆಲಸ ಇನ್ನೊಂದು ಬೇಕಿಲ್ಲ.

ಗಿರಾಕಿ ಎದುರಿನ ಲಾಡ್ಜಿಗೆ ಹೋಗಿಬಿಟ್ಟರೆ ಎಂಬುದು ಮಾಲೀಕರ ಮೊದಲ ಭಯ. ಬಾಡಿಗೆ, ಸಾಲದ ಕಂತು ತಲೆಯ ಮೇಲಿರುವಾಗ ಅದು ಸಹಜ ಕೂಡ. ಆದರೆ 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ ಒಂಬತ್ತು ಮಂದಿಯೊಳಗೆ. ಉಳಿದ ತೊಂಬತ್ತೊಂದು ಮಂದಿ, ಅದರಲ್ಲೂ ಮಕ್ಕಳನ್ನು ಕರೆತಂದವರು, ನಾರುವ ರೂಮಿನ ಬಗ್ಗೆ ಜಗಳವಾಡುವುದಿಲ್ಲ. ಇನ್ನೊಮ್ಮೆ ಆ ಬಾಗಿಲಿಗೆ ಬರುವುದಿಲ್ಲ, ಅಷ್ಟೆ. ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ದುಡ್ಡು ಕೊಟ್ಟ ರೂಮು, ನನ್ನಿಷ್ಟ ಎಂಬ ಮಾತೂ ಉಂಟು. ಅವನು ಕೊಟ್ಟದ್ದು ಒಂದು ರಾತ್ರಿಯ ಬಾಡಿಗೆ. ಪರದೆಗೂ ದಿಂಬಿಗೂ ಹಿಡಿದ ಹೊಗೆ ಅವನು ಬೀಗದ ಕೈ ಒಪ್ಪಿಸಿದ ಮೇಲೂ ಅಲ್ಲೇ ಇರುತ್ತದೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಲಾರಿ ಚಾಲಕನದು. ರಾತ್ರಿಯಿಡೀ ಗಾಡಿ ಓಡಿಸಿ ದಣಿದು ಬಂದವನಿಗೆ ಬೀಡಿ ಬಿಡು ಎಂದು ಕೌಂಟರಿನಲ್ಲಿ ಉಪದೇಶ ಮಾಡುವುದು ಕ್ರೌರ್ಯ. ಅವನ ಚಟವನ್ನು ಬಿಡಿಸುವ ಹೊಣೆ ಲಾಡ್ಜಿನದಲ್ಲ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ವಿಷಯವನ್ನು ಮರ್ಯಾದೆಯಿಂದ ತಿಳಿಸಬೇಕು. ಕಟ್ಟಡದಿಂದ ದೂರ, ಕಿಟಕಿಗಳ ಕೆಳಗಲ್ಲದ ಬಯಲಿನಲ್ಲಿ, ಅವನು ಕೂರಲು ಒಂದು ಕಲ್ಲುಬೆಂಚು ಇರಬೇಕು. ಇಷ್ಟು ಮಾಡಿದ ಮಾಲೀಕನಿಗೆ ಆ ಚಾಲಕನಿಗಿಂತ ಕಷ್ಟದ ಗಿರಾಕಿಗಳು ಬೇರೆ ಇದ್ದಾರೆ: ಮದುವೆಗೆ ಬಂದಿಳಿದ ಸ್ವಂತ ನೆಂಟರು, ಊರಿನ ಮುಖಂಡರು, ಬಾಡಿಗೆ ಕೊಡದೆ ತಂಗುವ ಅಧಿಕಾರಿಗಳು. ರೂಮ್ ಬಾಯ್ ಅವರಿಗೆ ಹೇಳಲಾರ. ಅವರನ್ನು ಬೆಂಚಿನ ಕಡೆಗೆ ಕರೆದೊಯ್ಯಬೇಕಾದವನು ಮಾಲೀಕನೇ.