ಬನದ ಹುಣ್ಣಿಮೆಗೆ ಸಾವಿರ ರೂಪಾಯಿ

ನಮ್ಮ ಗದಗದ ಕಡೆ ಪುಷ್ಯ ಮಾಸದ ಹುಣ್ಣಿಮೆಗೆ ಬನದ ಹುಣ್ಣಿಮೆ ಎನ್ನುತ್ತೇವೆ. ಅಂದು ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ತೇರು. ನಾನು ಮದುವೆಯಾಗಿ ಬಂದ ಮೇಲೆ ಈ ಜಾತ್ರೆ ತಪ್ಪಿಸಿದ್ದು ಬಹಳ ಕಡಿಮೆ. ಆದರೆ ಈ ಸಲ ಮಗ ಮೊದಲೇ ಹೇಳಿಬಿಟ್ಟ: "ಅವ್ವಾ, ಈ ವರ್ಷ ಜಾತ್ರಿ ಬ್ಯಾಡ." ಸೊಸೆಯ ಆಪರೇಶನ್ನಿಗೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಮಕ್ಕಳ ಮುಂದೆ ಮಾತ್ರ ಅವನು ಕೆಲಸದ ನೆಪ ಹೇಳಿದ.

ನನಗೆ ಅದು ಸರಿ ಕಾಣಲಿಲ್ಲ. ರಾತ್ರಿ ಊಟವಾದ ಮೇಲೆ, ಪಿಂಚಣಿಯಲ್ಲಿ ಉಳಿಸಿಟ್ಟಿದ್ದ ಸಾವಿರ ರೂಪಾಯಿ ತಂದು ಹತ್ತು ವರ್ಷದ ಮೊಮ್ಮಗನ ಕೈಗಿಟ್ಟೆ. "ಮನ್ಯಾಗ ಈಗ ರೊಕ್ಕದ ಅಡಚಣಿ ಐತಿ. ಇದರಾಗ ಐದೂ ಮಂದಿ ಜಾತ್ರಿ ಮಾಡಿ ಬರಬೇಕು. ಲೆಕ್ಕ ನಿಂದು" ಎಂದೆ. ಮಗ ತಲೆ ತಗ್ಗಿಸಿದ. ಮೊಮ್ಮಗ ಆಗಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯತೊಡಗಿದ್ದ. ಬಸ್ಸಿಗೆ ಇಷ್ಟು, ಹಣ್ಣುಕಾಯಿಗೆ ಇಷ್ಟು, ತಿರುಗುವ ತೊಟ್ಟಿಲಿಗೆ ಮತ್ತು ಆಟಿಕೆಗೆ 200. ಊಟದ ಮುಂದೆ ದೊಡ್ಡ ಸೊನ್ನೆ ಬರೆದ. ರೊಟ್ಟಿ ಮನೆಯಿಂದಲೇ ಕಟ್ಟಿಕೊಳ್ಳುವುದೆಂದು ಮಾತಾಗಿತ್ತು.

ಸರ್ಕಾರಿ ಬಸ್ಸಿನಲ್ಲಿ 2023ರಿಂದ ನಮ್ಮ ರಾಜ್ಯದ ಹೆಂಗಸರು ದುಡ್ಡು ಕೊಡಬೇಕಾಗಿಲ್ಲವಲ್ಲ! ನನಗೆ, ಸೊಸೆಗೆ, ಏಳು ವರ್ಷದ ಮೊಮ್ಮಗಳಿಗೆ ಕಂಡಕ್ಟರ್ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಮಗನಿಗೆ ಪೂರ್ತಿ ಟಿಕೆಟ್, ಮೊಮ್ಮಗನಿಗೆ ಅರ್ಧ. "ಗಂಡಮಕ್ಕಳಿಂದನ ಖರ್ಚು ಹೆಚ್ಚು" ಎಂದು ಮೊಮ್ಮಗಳು ರೋಣ ದಾಟುವವರೆಗೂ ಅಣ್ಣನನ್ನು ಕಾಡಿದಳು.

ತೇರು ಎಳೆಯುವುದು ಸಂಜೆಗೆ. ಅದಕ್ಕೇ ಮೊದಲು ಬಾದಾಮಿಗೆ ಹೋದೆವು. ಬನಶಂಕರಿಯಿಂದ ಬಾದಾಮಿ ಐದು ಕಿಲೋಮೀಟರ್ ಅಷ್ಟೆ. ಆದರೂ ಪ್ರತಿ ವರ್ಷ ಜಾತ್ರೆಯ ಅಂಗಡಿ ಸುತ್ತುವುದರಲ್ಲೇ ದಿನ ಮುಗಿದು, ಮಕ್ಕಳಿಗೆ ಅಲ್ಲಿನ ಗುಹೆಗಳನ್ನು ತೋರಿಸಿರಲೇ ಇಲ್ಲ. ಹದಿನೈದು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ ಬೇಕಿಲ್ಲ ಎಂದು ತಿಳಿದಾಗ ನಮ್ಮ ಲೆಕ್ಕಿಗನ ಮುಖ ಅರಳಿತು.

ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ಚಾಲುಕ್ಯರ ಕಾಲದಲ್ಲಿ ಮಾಡಿದ ನಾಲ್ಕು ಗುಹೆಗಳು. ಮೊದಲನೆಯ ಗುಹೆಯ ಬಳಿ ಹದಿನೆಂಟು ಕೈಗಳ ನಟರಾಜ ಕುಣಿಯುತ್ತಿದ್ದಾನೆ. ಮೊಮ್ಮಗಳು ಎಷ್ಟು ಸಲ ಎಣಿಸಿದರೂ ಹದಿನೇಳೇ ಆಗುತ್ತಿತ್ತು. ಹದಿನೆಂಟು ಸಿಗುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನವಿದೆ. ಈಗಿನ ವರ್ಷದಲ್ಲಿ 578 ಕಳೆದು ನೋಡಿದ ಮೊಮ್ಮಗ, "ಸಾವಿರದ ನಾಕನೂರು ವರ್ಷ ಆತಲ್ಲ ಅಜ್ಜಿ!" ಎಂದು ಕಣ್ಣರಳಿಸಿದ. ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಅದರ ಆಚೆ ದಂಡೆಯಲ್ಲಿ ಭೂತನಾಥನ ಗುಡಿ.

ಆ ಚೆಲುವು ನೋಡುತ್ತ ಮೆಟ್ಟಿಲು ಇಳಿಯುವಾಗಲೇ ಎಡವಟ್ಟಾಯಿತು. ಬಾದಾಮಿಯ ಮಂಗಗಳ ಬಗ್ಗೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬುತ್ತಿಯ ಚೀಲವನ್ನು ಸಡಿಲ ಹಿಡಿದಿದ್ದೆ. ಒಂದೇ ಜಿಗಿತ! ಚೀಲ ಬಂಡೆಯ ಮೇಲೆ ಹೋಯಿತು. ಆ ಮಂಗ ಅವಸರವಿಲ್ಲದೆ ಗಂಟು ಬಿಚ್ಚಿ, ಹನ್ನೆರಡು ರೊಟ್ಟಿ ಹಾಗೂ ಶೇಂಗಾ ಚಟ್ನಿಯನ್ನು ತನ್ನ ಬಳಗಕ್ಕೆ ಬಡಿಸಿತು.

"ಅಜ್ಜಿ, ಊಟಕ್ಕ ಸೊನ್ನಿ ಬರದೀನಲ್ಲ!" ಎಂದು ಮೊಮ್ಮಗ ಕೂಗಿದ.

ಹಸಿದುಕೊಂಡೇ ಬನಶಂಕರಿಗೆ ಬಂದು ದರ್ಶನ ಮಾಡಿದೆವು. ಗುಡಿಯ ಹತ್ತಿರ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು ಮಾರುತ್ತಾರೆ. ಅವರಲ್ಲೊಬ್ಬಾಕೆಯ ಹತ್ತಿರ ನಾವು ವರ್ಷವೂ ಉಣ್ಣುವುದು ರೂಢಿ. ಈ ಸಲ ಬುತ್ತಿ ಕಟ್ಟುವಾಗಲೇ, ಆಕೆಯ ಕಣ್ಣಿಗೆ ಬೀಳದಂತೆ ಹೇಗೆ ಹೋಗಲಿ ಎಂದು ನನಗೆ ಸಂಕೋಚವಾಗಿತ್ತು.

ಮೊಮ್ಮಗ ಪುಸ್ತಕ ತೆಗೆದ. ಬಸ್ಸಿಗೆ ಇಟ್ಟದ್ದು ಬಿಟ್ಟರೆ ಕೈಯಲ್ಲಿ ದೊಡ್ಡ ಮೊತ್ತವೆಂದು ಉಳಿದದ್ದು ತೊಟ್ಟಿಲಿನ 200 ಮಾತ್ರ. ದೂರದಲ್ಲಿ ಆ ತೊಟ್ಟಿಲು ತಿರುಗುವುದು ಕಾಣುತ್ತಿತ್ತು. ಮಗ ಅದನ್ನೂ ಮಕ್ಕಳನ್ನೂ ನೋಡಿ, "ನನಗೇನ ಹಸಿವಿಲ್ಲ. ನೀವ ಉಣ್ರಿ" ಎಂದ.

"ಅಪ್ಪಾ, ಸುಳ್ಳು ಹೇಳಬ್ಯಾಡ" ಎಂದ ಮೊಮ್ಮಗ. "ತೊಟ್ಟಿಲದಾಗ ಮುಂದಿನ ವರ್ಷ ಕೂಡೂಣು." ಹೇಳಿದವನೇ ತೊಟ್ಟಿಲಿನ ಸಾಲನ್ನು ಹೊಡೆದುಹಾಕಿ, ಊಟದ ಸೊನ್ನೆಯ ಹಿಂದೆ ಒಂದು ಎರಡು, ಇನ್ನೊಂದು ಸೊನ್ನೆ ಸೇರಿಸಿದ. ಮೊಮ್ಮಗಳ ತುಟಿ ನಡುಗಿತು. ಅವಳಿಗೆ ಬೆಂಡು-ಬತ್ತಾಸು ಕೊಡಿಸುವುದೆಂದು ಒಪ್ಪಂದವಾಯಿತು.

ನಮ್ಮ ಕಥೆ ಕೇಳಿ ಆ ರೊಟ್ಟಿಯಾಕೆ ನಕ್ಕೂ ನಕ್ಕೂ ಸುಸ್ತಾದಳು. "ಮಂಗ್ಯಾಗ ನಿಮ್ಮ ರೊಟ್ಟಿ, ನಿಮಗ ನನ್ನ ರೊಟ್ಟಿ" ಎನ್ನುತ್ತ ಐದು ಊಟ ಬಡಿಸಿ, ಮೇಲೊಂದು ಗಡಿಗೆ ಮೊಸರು ಇಟ್ಟಳು. ಮೊಮ್ಮಗ ಪೆನ್ನು ಹಿಡಿದು, "ಮೊಸರಿಗೆ ಎಷ್ಟ್ರಿ?" ಎಂದು ಕೇಳಿದ.

"ಅದು ಲೆಕ್ಕದಾಗ ಬರಂಗಿಲ್ಲ ತಮ್ಮಾ" ಎಂದಳು ಆಕೆ.

ಊಟವಾದ ಮೇಲೆ ಗುಡಿಯ ಮುಂದಿನ ಹರಿದ್ರಾ ತೀರ್ಥದ ಕಲ್ಲು ಮಂಟಪದ ನೆರಳಲ್ಲಿ ಕುಳಿತೆವು. ಬನಶಂಕರಿಗೆ ಶಾಕಾಂಬರಿ ಎಂದೂ ಹೆಸರು. ಬರಗಾಲ ಬಿದ್ದು ಜನ ಹಸಿವಿನಿಂದ ಕಂಗಾಲಾದಾಗ ಕಾಯಿಪಲ್ಲೆ ಕೊಟ್ಟು ಕಾಪಾಡಿದ ತಾಯಿ ಎಂದು ನಂಬಿಕೆ. ಅದಕ್ಕೇ ಜಾತ್ರೆಯ ಸಮಯದಲ್ಲಿ ಬಗೆಬಗೆಯ ಪಲ್ಲೆ ಮಾಡಿ ದೇವಿಗೆ ನೈವೇದ್ಯ ಹಿಡಿಯುವ ಪಲ್ಲೇದ ಹಬ್ಬವೂ ಆಗುತ್ತದೆ. ಈ ಕಥೆ ನಾನು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಕಿವಿಗೊಟ್ಟು ಕೇಳಿದ್ದು ಈ ವರ್ಷವೇ ಇರಬೇಕು.

ಸಂಜೆ ತೇರು ಅಲುಗಿತು. ಜನಸಾಗರದ ನಡುವೆ ಮೊಮ್ಮಗಳು ಅಪ್ಪನ ಹೆಗಲೇರಿ ಉತ್ತತ್ತಿ ಎಸೆದಳು. ಹತ್ತು ವರ್ಷದವನು ನಾನು ದೊಡ್ಡವನೆಂದು ಕೆಳಗೇ ನಿಂತ, ಆಮೇಲೆ ಏನೂ ಕಾಣದೆ ತಾನೂ ಹತ್ತುವೆನೆಂದ. ಮಗ ಒಬ್ಬರಾದ ಮೇಲೆ ಒಬ್ಬರನ್ನು ಹೊತ್ತು ಬೆವರಿದ.

ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಾಟಕ ಕಂಪನಿಗಳ ದೀಪಗಳು ಹಿಂದೆ ಸರಿದವು. ಮೊಮ್ಮಗ ಲೆಕ್ಕ ಕೂಡಿಸಿದ. 35 ರೂಪಾಯಿ ಉಳಿದಿತ್ತು. ಅದನ್ನು ಅಪ್ಪನ ಜೇಬಿಗೆ ಹಾಕಿ, "ಇದು ಸಾಲಕ್ಕ" ಎಂದ. ಮಗನಿಗೆ ನಗುವೂ ಬಂತು, ಕಣ್ಣೀರೂ ಬಂತು. ಹಲವು ತಿಂಗಳ ಮೇಲೆ ಅವನು ಹಾಗೆ ಬಾಯಿತುಂಬ ನಕ್ಕಿದ್ದು.

ಆ ನೋಟ್‌ಬುಕ್ ಈಗ ನನ್ನ ಪೆಟ್ಟಿಗೆಯಲ್ಲಿದೆ. ಖರ್ಚಿನ ಕೊನೆಯ ಸಾಲು ಹೀಗಿದೆ: "ಮಂಗ - 12 ರೊಟ್ಟಿ. ವಾಪಸ್ ಬಂದಿಲ್ಲ."