ಘಾಟಿ ದಾರಿಯಲ್ಲೊಂದು ಪಿಸ್ಟನ್ ಪರೀಕ್ಷೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವ ರೈತನನ್ನು ನೋಡಬೇಕು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕೊಂಬಿನ ಬಣ್ಣಕ್ಕೆ ಮರುಳಾಗುವ ಆಸಾಮಿಯಲ್ಲ. ಅದೇ ರೈತ ಹಳೇ ಟ್ರ್ಯಾಕ್ಟರಿಗೆ ಪಿಸ್ಟನ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗ ಮಾತ್ರ ಡಬ್ಬದ ಹೊಳಪು, ಇಲ್ಲವೇ ಬೆಲೆ ನೋಡಿ ಬಂದುಬಿಡುವುದುಂಟು.

ವಿಚಿತ್ರವೆಂದರೆ ಅವನು ಹೋಗಿಬರುವ ದಾರಿಯೇ ಟ್ರ್ಯಾಕ್ಟರಿನ ದಾರಿ. 1960ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟಾಫೆ ಕಂಪೆನಿಯ ಟ್ರ್ಯಾಕ್ಟರ್ ಕಾರ್ಖಾನೆಯೊಂದು ದೊಡ್ಡಬಳ್ಳಾಪುರದಲ್ಲಿದೆ. ಪಿಸ್ಟನ್, ರಿಂಗ್ ಮಾಡುವ ಗೋಯೆಟ್ಜೆ ಕಾರ್ಖಾನೆ ಯಲಹಂಕದಲ್ಲಿದೆ. ಆದರೂ ಹಳೇ ಎಂಜಿನ್ನಿಗೆ ಹೊಂದುವ ಮಾಲು ಹುಡುಕುವ ಕಷ್ಟ ರೈತನಿಗೆ ತಪ್ಪಿದ್ದಲ್ಲ.

ಹಳೆಯ ಮ್ಯಾಸಿ ಫರ್ಗ್ಯುಸನ್‌ಗಳ ಮೂರು ಸಿಲಿಂಡರಿನ ಎಂಜಿನ್ ಬ್ರಿಟನ್ನಿನ ಪರ್ಕಿನ್ಸ್ ವಂಶದ್ದು. ಆ ವಂಶದಲ್ಲಿ 3.144, 3.152 ಎಂಬ ಅಣ್ಣತಮ್ಮಂದಿರಿದ್ದಾರೆ. ಮೊದಲ 3 ಸಿಲಿಂಡರುಗಳ ಸಂಖ್ಯೆ, ಉಳಿದದ್ದು ಘನ ಅಂಗುಲದಲ್ಲಿ ಗಾತ್ರ. ಇಬ್ಬರಿಗೂ ಸ್ಟ್ರೋಕ್ 5 ಅಂಗುಲ. ಬೋರ್ ಮಾತ್ರ ಒಬ್ಬನದು 3.5, ಇನ್ನೊಬ್ಬನದು 3.6 ಅಂಗುಲ. ಹೈಸ್ಕೂಲಿನಲ್ಲಿ ಕಲಿತ ಸಿಲಿಂಡರಿನ ಸೂತ್ರ ಹಾಕಿ ಮೂರರಿಂದ ಗುಣಿಸಿ ನೋಡಿ, ಹೆಸರಿನ ಅಂಕಿ ಸಿಕ್ಕೇಸಿಗುತ್ತದೆ. ಹೊರಗಿನಿಂದ ಗೊತ್ತಾಗದ ಈ ವ್ಯತ್ಯಾಸ ಎರಡೂವರೆ ಮಿಲಿಮೀಟರು. ಆದ್ದರಿಂದ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹೆಸರು ಹೇಳಿದರೆ ಸಾಲದು, ಎಂಜಿನ್ ನಂಬರು ಬೇಕು.

ಬಲ್ಲ ಅಂಗಡಿಯವನು ಮೊದಲು ಕೇಳುವುದು, "ಯಜಮಾನ್ರೇ, ಬೋರ್ ಅಳತೆ ತಂದಿದ್ದೀರಾ?" ಎಂದು. ಸವೆದ ಸಿಲಿಂಡರನ್ನು ಕೊರೆದು ಸರಿಮಾಡುವುದಾದರೆ ದಪ್ಪ ಪಿಸ್ಟನ್ ಬೇಕು. ಮೆಕ್ಯಾನಿಕ್ಕುಗಳ ಬಾಯಲ್ಲಿ 'ಟ್ವೆಂಟಿ', 'ಥರ್ಟಿ' ಎಂದರೆ ಅಂಗುಲದ ಸಾವಿರದ 20, 30 ಭಾಗ. ಎಷ್ಟು ಸವೆದಿದೆ ಎಂದು ಅಳೆದ ಮೇಲೆ ಪಿಸ್ಟನ್. ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನೇ ಅಳೆದು, ಬೋರಿಂಗ್. ಈ ಕ್ರಮ ತಪ್ಪಿದರೆ ಹಣವೂ ಹೋಯಿತು, ಸಿಲಿಂಡರೂ ಹೋಯಿತು.

ಯಾಕೆಂದರೆ ಆಟವೆಲ್ಲ ಕೂದಲೆಳೆಯಲ್ಲಿದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ, ಲೈನರ್ ಬೀಡುಕಬ್ಬಿಣ. ಎರಡೂ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದವೆಂದು ಇಟ್ಟುಕೊಳ್ಳಿ. 91 ಮಿಲಿಮೀಟರಿನ ಪಿಸ್ಟನ್ ಸುಮಾರು 0.18 ಮಿ.ಮೀ. ಹಿಗ್ಗಿದರೆ ಲೈನರ್ 0.10 ಮಾತ್ರ. ಉಳಿದ 0.08ಕ್ಕೆ ಮೊದಲೇ ಜಾಗ ಬಿಟ್ಟಿರಬೇಕು. ಬಿಡದಿದ್ದರೆ ರಾಗಿ ಬಿತ್ತನೆಯ ಹದದಲ್ಲಿ, ಹೊಲದ ನಡುವೆ, ಎಂಜಿನ್ ಸೀಜ್. ಮಳೆ ಕಾಯುವುದಿಲ್ಲ. ಜಾಸ್ತಿ ಬಿಟ್ಟರೆ ತಣ್ಣಗಿದ್ದಾಗ ಟಕಟಕ ಸದ್ದು, ಆಯಿಲ್ ಕುಡಿಯುವ ಚಾಳಿ. ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚಿದಷ್ಟೂ ಹಿಗ್ಗುವುದು ಕಡಿಮೆ. ಅಗ್ಗದ ಮಾಲಿನಲ್ಲಿ ಎಷ್ಟಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಹೆಸರಿರುವ ತಯಾರಕರ ಡಬ್ಬಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ಇಲ್ಲಿಯೇ ಸಾರ್ಥಕ.

ಅಳತೆ ಕೂಡಿಬಂದರೂ ತಲೆ ನೋಡಬೇಕು. ಡಿ.ಐ. ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಬಟ್ಟಲಿಗೆ ಚಿಮ್ಮುತ್ತದೆ. ಬಟ್ಟಲಿನ ಆಕಾರ ಬೇರೆಯಾದರೆ ಡೀಸೆಲ್ ಸರಿಯಾಗಿ ಉರಿಯದೆ ಕಪ್ಪು ಹೊಗೆ. ಪಿನ್ನಿನ ತೂತಿನಿಂದ ತಲೆಯವರೆಗಿನ ಎತ್ತರವೂ ಹಳೆಯದಕ್ಕೆ ಸಮನಿರಬೇಕು. ಹೆಚ್ಚಾದರೆ ಹೆಡ್ಡಿಗೆ ಬಡಿಯುವ ಭಯ, ಕಡಿಮೆಯಾದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಮೊಂಡಾಟ. ಹಳೇ ಪಿಸ್ಟನ್ನನ್ನು ಗುಜರಿಗೆ ಹಾಕುವ ಮುಂಚೆ ಚೀಲದಲ್ಲಿ ಇಟ್ಟುಕೊಂಡು ಹೋಗುವವನೇ ಜಾಣ.

ಇನ್ನು ತೂಕ. ಮೂರು ಪಿಸ್ಟನ್‌ಗಳೂ ಸಮತೂಕವಿರದಿದ್ದರೆ ಎಂಜಿನ್ ನಡುಗುತ್ತದೆ. ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಊರಿಗೆ ಬಂದಿಳಿದ ರೈತ ಬಸ್‌ಸ್ಟ್ಯಾಂಡಿನ ಎದುರಿನ ದಿನಸಿ ಅಂಗಡಿಯ ತಕ್ಕಡಿಯ ಮೇಲೆ, ಬೇಳೆ ಸಕ್ಕರೆಯ ನಡುವೆ, ಒಂದೊಂದೇ ಪಿಸ್ಟನ್ ಇಟ್ಟು ಗ್ರಾಂ ಓದಿಸಿದರೆ ಸೇಟು ನಗಬಹುದು, ನಗಲಿ. ಪಕ್ಕದಲ್ಲಿ ನಿಂತ ಶಾಲೆಯ ಮಗ ಅಂಕಿಗಳನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಾನೆ.