ನೂರ ತೊಂಬತ್ತೊಂಬತ್ತನೆಯವನು

ಅಮೆರಿಕದಲ್ಲಿರುವ ನಮ್ಮ ತಂಗಿಯ ಮಗ ರಜೆಗೆ ಬಂದಾಗಲೆಲ್ಲ ಅಲ್ಲಿಯ ಫುಟ್‌ಬಾಲ್‌ನ ಮಾತು ತೆಗೆಯುತ್ತಾನೆ. ಹೆಸರು ಫುಟ್‌ಬಾಲ್, ಚೆಂಡು ಇರುವುದು ಹೆಚ್ಚಾಗಿ ಕೈಯಲ್ಲಿ! ಆಟ ನಮಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಆದರೆ ಅವರು ಆಟಗಾರರನ್ನು ಆರಿಸುವ ಬಗೆ ಕೇಳಿದ ಮೇಲೆ ಅದೇ ಒಂದು ಹುಚ್ಚಾಗಿದೆ.

ಅಲ್ಲಿ ಐಪಿಎಲ್‌ನಂತೆ ಹರಾಜಿಲ್ಲ. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿಯಂತೆ, ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಸೋತವರಿಗೆ ಮೊದಲ ಸರದಿ. ಅವರ ಕಣ್ಣು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ, ಎರಡು ಮೂರು ಸೆಕೆಂಡಿನಲ್ಲಿ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವವನು ಅವನು. ಅವನ ಎತ್ತರ ಅಳೆಯುತ್ತಾರೆ, ಅಂಗೈ ಅಳೆಯುತ್ತಾರೆ, ಓಡಿಸಿ ನೋಡುತ್ತಾರೆ. ನಮ್ಮಲ್ಲಿ ರಿಶ್ತೆ ನೋಡಲು ಬರುವವರೂ ಇಷ್ಟು ಅಳೆಯಲಾರರು. ಎದೆಗಾರಿಕೆ ಅಳೆಯುವ ಪಟ್ಟಿ ಮಾತ್ರ ಅವರ ಬಳಿಯೂ ಇಲ್ಲ.

1998ರಲ್ಲಿ ಮೊದಲನೆಯವನು ಪೇಟನ್ ಮ್ಯಾನಿಂಗ್, ಎರಡನೆಯವನು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲೆಂದು ಆಗ ದೊಡ್ಡ ಚರ್ಚೆ. ಮ್ಯಾನಿಂಗ್ ಎರಡು ಸೂಪರ್ ಬೌಲ್ ಗೆದ್ದ. ಲೀಫ್ 2002ರ ಹೊತ್ತಿಗೆ ಆಟವನ್ನೇ ಬಿಟ್ಟ. 2000ದಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದ ಮೇಲೆ, 199ನೆಯವನಾಗಿ ಟಾಮ್ ಬ್ರೇಡಿಯ ಹೆಸರು ಬಂತು. ಅವನು ಗೆದ್ದದ್ದು ಏಳು ಸೂಪರ್ ಬೌಲ್. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕತೆ ಇನ್ನೂ ಸ್ವಾರಸ್ಯದ್ದು. 2021ರಲ್ಲಿ ಟ್ರೇ ಲ್ಯಾನ್ಸ್‌ಗಾಗಿ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಯನ್ನೂ ಬಿಟ್ಟುಕೊಟ್ಟರು. ಅವನ ಕಾಲು ಮುರಿಯಿತು. 2023ರಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವನನ್ನು ಕೊಟ್ಟುಬಿಟ್ಟರು. 2024ರ ಸೂಪರ್ ಬೌಲ್‌ಗೆ ಅವರನ್ನು ಒಯ್ದವನು 2022ರಲ್ಲಿ ಎಲ್ಲರಿಗಿಂತ ಕೊನೆಗೆ, 262ನೆಯವನಾಗಿ ಸಿಕ್ಕ ಬ್ರಾಕ್ ಪರ್ಡಿ.

ನಗುವುದು ಸುಲಭ. ನಾವೂ ಒಮ್ಮೆ ಕಥಾಸ್ಪರ್ಧೆಯೊಂದರ ತೀರ್ಪುಗಾರರಾಗಿದ್ದಾಗ, ಕಾಗುಣಿತ ತಪ್ಪೆಂದು ಒಬ್ಬ ಹುಡುಗನ ಕಥೆಯನ್ನು ಬದಿಗಿಟ್ಟಿದ್ದೆವು. ಬಹುಮಾನ ಕೊಟ್ಟ ಕಥೆ ಇಂದು ನೆನಪಿಲ್ಲ, ಅದು ಮಾತ್ರ ನೆನಪಿದೆ. ಆ ಹುಡುಗನ ಹೆಸರನ್ನು ಆಮೇಲೆ ಎಲ್ಲಿಯೂ ಕಾಣಲಿಲ್ಲ.

ನಮ್ಮನ್ನು ಕಾಡುವವನು ಡೇವಿಡ್ ಕಾರ್. 2002ರಲ್ಲಿ ಹ್ಯೂಸ್ಟನ್‌ನ ಹೊಸ ತಂಡ ಅವನನ್ನು ಎಲ್ಲರಿಗಿಂತ ಮೊದಲು ಆರಿಸಿತು. ಅವನನ್ನು ಕಾಯಬೇಕಾದವರ ಸಾಲು ದುರ್ಬಲ. ಒಂದೇ ಋತುವಿನಲ್ಲಿ 76 ಸಲ, ಚೆಂಡು ಕೈಬಿಡುವ ಮೊದಲೇ, ಅವನನ್ನು ನೆಲಕ್ಕೆ ಕೆಡವಿದರು. ಅದಕ್ಕೂ ಮುಂಚೆ ಯಾರೂ ಅಷ್ಟು ಸಲ ಬಿದ್ದದ್ದಿಲ್ಲ.

"ಆಯ್ಕೆ ಕೆಟ್ಟಿತು ಅಂತಾರೆ, ಮಾಮು" ಎಂದ ಹುಡುಗ.

"ತಪ್ಪು ಯಾರದಂತೆ?" ಎಂದು ಕೇಳಿದೆವು.

"ಹೆಚ್ಚಿನವರು ಅವನದೇ ಅಂತಾರೆ."